ದೃಷ್ಟಿ ತಾಗದಷ್ಟು ದೂರ

ಮಾಗಿಯ ಚಳಿ ಇಳಿದು ಉಣ್ಣೆ ಕತ್ತರಿಸುವ ದಿನಗಳು. ಅರ್ಧ ಮಂದೆ ಮುಗಿಸಿ, ಉಳಿದದ್ದನ್ನು ತಮ್ಮನಿಗೆ ಒಪ್ಪಿಸಿ ಹಾಲಪ್ಪ ಶೇಖರಪ್ಪನ ಫೋಟೊ ಅಂಗಡಿಗೆ ಬಂದ. ಅಂಗಡಿಯ ಹಿಂದೆ ಕೆರೆ. ಕೆರೆಯಾಚೆ ಶೇಖರಪ್ಪನ ತೋಟದಲ್ಲಿ ಕಾಳಗದ ಟಗರು ಕಟ್ಟಿತ್ತು. ದೃಷ್ಟಿಯಾದೀತೆಂದು ಅವನು ಯಾರನ್ನೂ ಅದರ ಹತ್ತಿರ ಬಿಡುತ್ತಿರಲಿಲ್ಲ.

"ದೂರದ್ದು ಕಾಣೋ ಸೋವಿ ಕ್ಯಾಮೆರಾ ಐತೇನ್ರಿ? ಎರಡು ವರ್ಷದ ಹಿಂದ ಒಂದು ಗಂಡುಮರಿ ತೋಳದ ಪಾಲಾತು. ಈ ಸಲ ತೋಳದ ಮ್ಯಾಲೆ ಕಣ್ಣಿಡಬೇಕು."

ಶೇಖರಪ್ಪ ಮೂಗು ಮುರಿದು ಒಂದನ್ನು ಮೇಜಿನ ಮೇಲೆ ತಳ್ಳಿದ. "ಕುರಿ ಕಾಯೋನಿಗೆ ಇದಽ ಹೆಚ್ಚಾತು. ಜೂಮ್ ಅನ್ನೂದು ಹೆಸರಿಗಷ್ಟಽ. ಎಳದಷ್ಟೂ ಮಂಜು."

"ಕೆರಿ ಆಚೆ ನಿಮ್ಮ ಟಗರಾದ್ರೂ ಕಾಣತೈತೇನ್ರಿ?"

"ಕೊಂಬು ಕಂಡ್ರ ನಿನ್ನ ಪುಣ್ಯ, ನೋಡ್ಕೊ. ಈ ಆಟಿಗಿ ಸಾಮಾನಿನ್ಯಾಗ ನಿನ್ನ ದೃಷ್ಟಿನೂ ತಾಗೂದಿಲ್ಲ."

ಹಾಲಪ್ಪ ಕಿಟಕಿಗೆ ಮೊಣಕೈ ಊರಿ ನಿಧಾನವಾಗಿ ಜೂಮ್ ಎಳೆದ. ಮೊದಲು ಬೇಲಿ ಬಂತು, ಆಮೇಲೆ ಕೊಂಬು, ಆಮೇಲೆ ಕಿವಿ. ಅಲ್ಲಿಯೇ ನಿಲ್ಲಿಸಿ ಗುಂಡಿ ಒತ್ತಿದ.

"ಎಡಗಿವಿಯಾಗ ಎರಡು ಕಚ್ಚು ಅದಾವಲ್ರಿ?"

"ಅಷ್ಟೂ ಕಾಣತೈತೇನು? ಮರಿ ಇದ್ದಾಗ ನಾಯಿ ಕಚ್ಚಿದ್ದಲೇ ಅದು."

"ನಾಯಿ ಅಲ್ರಿ, ನಮ್ಮಪ್ಪನ ಕತ್ತರಿ. ನಮ್ಮ ಮನಿ ಮರಿಗೆಲ್ಲ ಅದಽ ಗುರುತು."

ಹಾಲಪ್ಪ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ.

"ಇದು ಇನ್ನ ಬ್ಯಾಡ್ರಿ, ತೋಳ ಕಂಡ್ತು. ಹಗ್ಗ ಬಿಚ್ಚಾಕ ನಡೀರಿ."