ಸೆಕೆಂಡ್ ಗೇರ್

"ಕೊರಳಾಗಿನ ಲಿಂಗ ಮುಟ್ಟಿ ಹೇಳ್ರಿ ಕಾಕಾ, ದಿನ್ನಿ ಏರುವಾಗ ಇದು ಜಾರಂಗಿಲ್ಲಂತ!" ಸಂಗು ಹೊಸ ಗೇರನ್ನು ಜಹೀರಾಬಾದಿನ ಮಿಸ್ತ್ರಿ ಕಾಶಿನಾಥನ ಮುಂದೆ ಕುಕ್ಕಿದ. ನಿನ್ನೆ ಹೊಲದ ಕಲ್ಲುದಾರಿಯ ದಿನ್ನೆ ಏರುವಾಗ ಸೆಕೆಂಡ್ ಗೇರ್ ಜಾರಿ, ಅಜ್ಜನ ಕಾಲದ ಜೀಪು ಹಿಂದಕ್ಕೆ ಉರುಳಿ ಬಾವಿಯ ಅಂಚಿನಲ್ಲಿ ನಿಂತಿತ್ತು. ಒಳಗೆ ಅವನ ಬಸುರಿ ಹೆಂಡತಿ ಮಂಗಲಾ ಇದ್ದಳು. ಈಗಲೂ ಆಕೆ ಗ್ಯಾರೇಜಿನ ಹೊರಗೆ ಅದೇ ಜೀಪಿನಲ್ಲಿ ಕೂತಿದ್ದಳು.

"ಹೊಸಾ ಮಾಲ್ ಅದ. ಏನ್ ಹುಚ್ಚ ಅದಿಯೋ?" ಕಾಶಿನಾಥ ನಕ್ಕ. ಕೈ ಮಾತ್ರ ಕೊರಳಿನತ್ತ ಹೋಗಲಿಲ್ಲ.

ಸಂಗು ಪಕ್ಕದಲ್ಲಿದ್ದ, ಗುಜರಿಯ ಮಿಲಿಟರಿ ಗಾಡಿಯಿಂದ ಬಿಚ್ಚಿದ್ದ ಹಳೆಯ ಕಪ್ಪು ಗೇರನ್ನು ಎತ್ತಿದ. "ಹಂಗಾದ್ರ ಇದಕ್ಕರೆ ಆಣಿ ಮಾಡ್ರಿ."

ಕಾಶಿನಾಥನ ಕೈ ಅಂಗಿಯ ಗುಂಡಿಯ ತನಕ ಏರಿತು, ಅಲ್ಲೇ ನಿಂತಿತು, ಮೆಲ್ಲಗೆ ಇಳಿಯಿತು.

ಸಂಗು ಹೊರಗೆ ಓಡಿದ. "ಮಂಗಲಾ, ಇಳಿ ಕೆಳಗ! ಬಸ್ಸಿಗೆ ಹೋಗಮ್ ನಡಿ."