ಸಾಲಿಲ್ಲದ ಕಿಟಕಿ

"ಇದು ನಿಜವಾದ ಮದುವೆಯೇನಮ್ಮಾ?" ಗುಮಾಸ್ತ ಅರ್ಜಿಯಿಂದ ತಲೆಯೆತ್ತದೆಯೇ ಕೇಳಿದ.

"ಹನ್ನೊಂದು ವರ್ಷ ಜಗಳ ಆಡಿದೀವಿ ಸಾರ್. ಸುಳ್ಳು ಮದುವೆಗೆ ಯಾರು ಅಷ್ಟು ಕಷ್ಟಪಡ್ತಾರೆ?"

ಕನ್ನಡಕದಂಗಡಿಯಾಕೆ ಗಂಡನನ್ನು ಕರೆಸಿಕೊಳ್ಳುವ ಅರ್ಜಿ ಹಿಡಿದು ಈ ಕಚೇರಿಯ ಮೆಟ್ಟಿಲು ಹತ್ತಿದ್ದು ಇದು ಆರನೆಯ ಸಲ. ಹಿಂದಿನ ಐದು ಸಲವೂ ಯಾವುದೋ ಒಂದು ಕಾಗದ ಕಮ್ಮಿ ಎಂದು ವಾಪಸು ಕಳಿಸಿದ್ದರು. ಆಕೆಯ ಗಂಡ ಪರದೇಶದವನು. ತಾಯಿಯನ್ನು ನೋಡಿಬರುತ್ತೇನೆಂದು ತನ್ನೂರಿಗೆ ಹೋಗಿದ್ದ. ಹೋದ ಎಂಟನೆಯ ದಿನ ಯುದ್ಧ ಶುರುವಾಗಿ ಗಡಿ ಮುಚ್ಚಿತು. ಅವನು ಆ ಕಡೆ, ಇವಳು ಈ ಕಡೆ. ಹತ್ತೊಂಬತ್ತು ತಿಂಗಳಾಯಿತು.

ಪಕ್ಕದ ಕಿಟಕಿಯ ಸಾಲು ಮೆಟ್ಟಿಲಿಳಿದು ಬೀದಿ ಮುಟ್ಟಿತ್ತು. ಈ ಕಿಟಕಿಗೆ ಇವಳೊಬ್ಬಳೇ. ಆದರೂ ಗುಮಾಸ್ತನ ಪ್ರಶ್ನೆ ಮುಗಿಯಲಿಲ್ಲ.

"ಅಲ್ಲಿ ಅವರಿಗೇನು ಕಷ್ಟ?"

"ನಾನಿಲ್ಲ ಅನ್ನೋದೇ ಕಷ್ಟ."

"ನೀವೇ ಹೋಗಬಹುದಲ್ಲ?"

"ಅಂಗಡಿ ಯಾರು ನೋಡ್ಕೋತಾರೆ? ದಿನಾ ಎಷ್ಟು ಕನ್ನಡಕ ಒಡೆದು ಬರುತ್ತೆ ಗೊತ್ತಾ? ನಿಮ್ಮದೂ ಸೊಟ್ಟಗಾಗಿದೆ, ಕೊಡಿ ಇಲ್ಲಿ."

ಗುಮಾಸ್ತ ಪೆಚ್ಚಾಗಿ ಕನ್ನಡಕ ತೆಗೆದುಕೊಟ್ಟ. ಆಕೆ ಚೀಲದಿಂದ ಪುಟ್ಟ ಇಕ್ಕಳ ತೆಗೆದು, ಕಡ್ಡಿ ಬಗ್ಗಿಸಿ, ಸ್ಕ್ರೂ ಬಿಗಿಮಾಡಿ, ಸೆರಗಿನಲ್ಲಿ ಒರೆಸಿ ಹಿಂದಿರುಗಿಸಿದಳು.

"ಈಗ ಎಲ್ಲಾ ಸರಿಯಾಗಿ ಕಾಣ್ತಿದೆ," ಎಂದ ಆತ. "ಒಂದು ಮಾತ್ರ ಅರ್ಥ ಆಗ್ತಿಲ್ಲ. ಇಲ್ಲಿಗೆ ಬಾ ಅಂತ ಅವರನ್ನ ಯಾರಾದ್ರೂ ಒತ್ತಾಯ ಮಾಡಿದಾರಾ?"

"ನಾನು ಬೇಡವೇ ಬೇಡ ಅಂದೆ. ಮೂರು ದಿನ ಅವರು ನನ್ನ ಫೋನ್ ಎತ್ತಲಿಲ್ಲ, ಅಷ್ಟು ಕೋಪ. ನಾಲ್ಕನೇ ದಿನ, 'ಅರ್ಜಿ ಹಾಕ್ತೀಯೋ, ನಡ್ಕೊಂಡು ಗಡಿ ದಾಟಲೋ?' ಅಂದ್ರು." ಇಷ್ಟು ಹೊತ್ತೂ ಪಟಪಟ ಮಾತಾಡುತ್ತಿದ್ದವಳ ದನಿ ತಗ್ಗಿತು. "ಹಾಗೇ ಮಾಡಿಬಿಡ್ತಾರೆ ಸಾರ್."

ಗುಮಾಸ್ತ ಕೆಳಗಿನ ಡ್ರಾಯರ್ ತಡಕಾಡಿ ಒಂದು ಮೊಹರು ಹುಡುಕಿ ತೆಗೆದ. ಶಾಯಿ ಒಣಗಿತ್ತು. ನಾಲ್ಕು ಹನಿ ನೀರು ಹಾಕಿ ಒತ್ತಿದ. ತೆಳುವಾಗಿ ಬಿತ್ತು, ಆದರೆ ಬಿತ್ತು.

ಆಕೆ ಕಾಗದ ಎತ್ತಿಕೊಳ್ಳುವಷ್ಟರಲ್ಲಿ ಸೈರನ್ ಕೂಗಿತು. ಸಾಲಿನವರ ಜೊತೆ ಇಬ್ಬರೂ ನೆಲಮಾಳಿಗೆಗೆ ಓಡಿದರು. ಹೊರಗೆಲ್ಲೋ ಬಾಂಬು ಬಿದ್ದು ಗೋಡೆ ನಡುಗಿತು.

"ಈ ದೇಶ ಬಿಟ್ಟು ಓಡೋರನ್ನೇ ನೋಡಿದೀನಿ ಕಣಮ್ಮಾ," ಏದುಸಿರು ಬಿಡುತ್ತ ಗುಮಾಸ್ತ ಹೇಳಿದ. "ಹತ್ತೊಂಬತ್ತು ತಿಂಗಳಲ್ಲಿ ಒಳಗೆ ಬರ್ತೀನಿ ಅಂದಿರೋದು ನಿಮ್ಮ ಯಜಮಾನ್ರು ಒಬ್ಬರೇ."