ಟೆಂಡರ್ ಪೆಟ್ಟಿಗೆಯ ಕಾವಲು

ದೇವುವಿನ ಸಲಾಕೆ ಎರಡನೇ ಸಲ ಬಿದ್ದಾಗ ಹಮ್ಮಣ್ಣ ನಾಯಕನ ಪಕ್ಕೆಲುಬು ಲಟಕ್ಕೆಂದಿತು. ಆದರೂ ಅವನು ಎದೆಗವಚಿದ ಲಕೋಟೆ ಬಿಡಲಿಲ್ಲ. ಬೊಬ್ರುವಾಡ ರಸ್ತೆಯ ಟೆಂಡರಿಗೆ ಅಂದೇ ಕೊನೆಯ ದಿನ. ದುಪ್ಪಟ್ಟು ದರ ಬರೆದ ತನ್ನ ಧಣಿಯ ಲಕೋಟೆಯೊಂದನ್ನು ಬಿಟ್ಟು ಬೇರೇನೂ ಪೆಟ್ಟಿಗೆಗೆ ಬೀಳಬಾರದೆಂದು ದೇವು ಬೆಳಗಿನಿಂದ ಆ ಪೆಟ್ಟಿಗೆ ಇಟ್ಟಿದ್ದ ಕಾರವಾರದ ಕಚೇರಿಯ ಬಾಗಿಲು ಕಾದಿದ್ದ. ಹಮ್ಮಣ್ಣ ಲಕೋಟೆ ಹಿಡಿದು ಗೇಟು ದಾಟಿದ್ದೇ ತಡ, ಓಡಿಬಂದು ಅಂಗಳದಲ್ಲೇ ಕೆಡವಿದ್ದ.

"ಕೊಡಾ ಅದ್ನ! ರಸ್ತೆ ಮಾಡೂಕೆ ಮೊದ್ಲು ಜೀವ ಬೇಕಲಾ!"

"ಸಾಕು ತಮಾ, ನಿನ್ ಕಾಲಿಗ್ ಬೀಳ್ತೆ," ಎನ್ನುತ್ತ ಹಮ್ಮಣ್ಣ ಅವನ ಕಾಲುಗಳೆರಡನ್ನೂ ತಬ್ಬಿದ. ದೇವುವಿಗೆ ನಗು ಬಂತು. ಹೀಗೆ ಗೋಗರೆದವರನ್ನು ಅವನು ಬೇಕಾದಷ್ಟು ಕಂಡಿದ್ದ. ಬಗ್ಗಿ, ಹಮ್ಮಣ್ಣನ ಎದೆಯಡಿಯಿಂದ ರಕ್ತ ಮೆತ್ತಿದ ಲಕೋಟೆ ಕಿತ್ತು ಹರಿದ. ಒಳಗಿದ್ದದ್ದು ಹಳೆಯ ಪೇಪರು.

ತಲೆಯೆತ್ತಿದರೆ, ಕಾವಲಿಲ್ಲದ ಬಾಗಿಲೊಳಗೆ ಹಮ್ಮಣ್ಣನ ಹೆಂಡತಿ ಯಶೋದಾ ಸೆರಗಿನೊಳಗಿಂದ ಇನ್ನೊಂದು ಲಕೋಟೆ ತೆಗೆದು ಪೆಟ್ಟಿಗೆಗೆ ತೂರಿಸುತ್ತಿದ್ದಳು. ದೇವು ನುಗ್ಗಲು ಹೋದ, ಕಾಲು ಕೀಳಲಾಗಲಿಲ್ಲ. ಮುರಿದ ಪಕ್ಕೆಯ ಮೇಲೇ ಮತ್ತೆ ಸಲಾಕೆ ಬೀಸಿದ. ಹೊಡೆದಷ್ಟೂ ಆ ತೋಳುಗಳು ಬಿಗಿದವು. ಯಶೋದಾ ಈಚೆ ತಿರುಗಿ ಬರಿಗೈ ಎತ್ತಿ ತೋರಿಸಿದಳು.

ಆಗ ಹಮ್ಮಣ್ಣನೇ ದೇವುವಿನ ಕಾಲು ಬಿಟ್ಟ.